ಉದ್ಯಾನದಲ್ಲಿ ಜನರ ಜಾಡು

ಫಳ್ನೀರಿನಿಂದ ಬಾವುಟಗುಡ್ಡದ ಟಾಗೋರ್ ಪಾರ್ಕಿಗೆ ಹೆಚ್ಚು ದೂರವಿಲ್ಲ. ಸಂಜೆ ಅಲ್ಲಿ ಒಂದು ಗಳಿಗೆ ಕುಳಿತು ನೋಡಿದರೆ, ಜನರು ಉದ್ಯಾನದಲ್ಲೆಲ್ಲ ಸಮವಾಗಿ ಹರಡಿಕೊಳ್ಳುವುದಿಲ್ಲವೆಂಬುದು ತಿಳಿಯುತ್ತದೆ. ಕಡಲು ಕಾಣುವ ಕಡೆ, ನೆರಳಿರುವ ಕಡೆ ಅವರು ನೆರೆಯುತ್ತಾರೆ. ಯಾವ ಉದ್ಯಾನದಲ್ಲಾಗಲಿ, ಹಾಕಿದ ದಾರಿ ಸುತ್ತುಬಳಸಾದರೆ ಹುಲ್ಲಿನ ಮೇಲೆ ನೇರವಾದ ಕಾಲುದಾರಿಯೊಂದು ತಾನಾಗಿಯೇ ಮೂಡುತ್ತದೆ. ಅದು ಜನರು ತಮ್ಮ ಇಚ್ಛೆಯನ್ನು ಕಾಲಿನಿಂದ ಬರೆದ ಅರ್ಜಿ. ಓದಬಲ್ಲ ತೋಟಗಾರನು ಬೇಲಿ ಕಟ್ಟುವ ಮುನ್ನ ಅದನ್ನು ಓದುತ್ತಾನೆ.

ಊರಿನ ಉದ್ಯಾನದಲ್ಲಿ ಕೆಡುವುದು ಹುಲ್ಲು ಮಾತ್ರ; ಕಾಡಿನಲ್ಲಿ ಕೆಡುವುದು ಹೆಚ್ಚು. ಕುಕ್ಕೆ ಸುಬ್ರಹ್ಮಣ್ಯದಿಂದ ಏರುವ ಕುಮಾರಪರ್ವತವನ್ನೇ ನೋಡೋಣ. 1712 ಮೀಟರ್ ಎತ್ತರದ ಈ ಶಿಖರವು ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದುದು. ಇಂತಹ ಇಳಿಜಾರಿನಲ್ಲಿ ತುಳಿತದಿಂದ ಹುಲ್ಲು ಸವೆದರೆ ಮಳೆಗಾಲದ ನೀರು ಆ ಜಾಡಿನಲ್ಲೇ ಹರಿದು ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಜನರು ಪಕ್ಕದ ಹುಲ್ಲನ್ನು ತುಳಿಯುತ್ತಾರೆ. ದಾರಿ ಅಗಲವಾಗುತ್ತಲೇ ಹೋಗುತ್ತದೆ.

ಇಲ್ಲೊಂದು ಸೋಜಿಗವಿದೆ. ಯಾರೂ ತುಳಿಯದ ನೆಲಕ್ಕೆ ಮೊದಲ ಕೆಲವರ ಹೆಜ್ಜೆಯಿಂದಲೇ ಹೆಚ್ಚಿನ ಹಾನಿ. ಗಟ್ಟಿಯಾದ ದಾರಿಯ ಮೇಲೆ ಇನ್ನೂ ನೂರು ಜನ ನಡೆದರೂ ಹೊಸ ಹಾನಿ ಅಲ್ಪ. ಆದುದರಿಂದ ಜನರು ಹೆಚ್ಚಾಗಿ ಬರುವೆಡೆ ಅವರನ್ನು ಕಾಡಿನೊಳಗೆ ಚದುರಿಸುವುದಕ್ಕಿಂತ ಒಂದೇ ಒಳ್ಳೆಯ ದಾರಿಯಲ್ಲಿ ನಡೆಸುವುದು ಮೇಲು.

ಈ ಸಂಚಾರವನ್ನು ಅರಿಯುವುದು ಹೇಗೆ? ಬಾಗಿಲಿನ ಟಿಕೆಟ್ ಎಷ್ಟು ಜನ ಬಂದರೆಂಬುದನ್ನು ಹೇಳುತ್ತದೆ, ಎಲ್ಲಿಗೆ ಹೋದರೆಂಬುದನ್ನಲ್ಲ. ದಾರಿಯ ಬದಿಯ ಎಣಿಕೆಯಂತ್ರವು ಹೊತ್ತುಹೊತ್ತಿನ ಏರಿಳಿತವನ್ನು ತಿಳಿಸುತ್ತದೆ. ಉಪಗ್ರಹಗಳ ನೆರವಿನಿಂದ ಸ್ಥಾನವನ್ನು ಗುರುತಿಸುವ ಚಿಕ್ಕ ಯಂತ್ರವನ್ನು, ಒಪ್ಪಿದವರ ಕೈಗೆ ಮಾತ್ರ ಕೊಟ್ಟರೆ, ಅವರು ನಡೆದ, ನಿಂತ, ದಾರಿ ಬಿಟ್ಟ ಜಾಗಗಳು ನಕ್ಷೆಯಲ್ಲಿ ಮೂಡುತ್ತವೆ. ಆದರೆ ದಾರಿ ಬಿಟ್ಟುದೇಕೆಂಬುದನ್ನು ಯಾವ ಯಂತ್ರವೂ ಹೇಳದು. ಅದನ್ನು ಮನುಷ್ಯನನ್ನೇ ಕೇಳಬೇಕು.

2024ರ ಜನವರಿಯ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಸಂದಣಿ ಮಿತಿಮೀರಿತು. ಸರ್ಕಾರವು ಚಾರಣವನ್ನು ತಡೆದು, ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಗಡ ನೋಂದಣಿಯನ್ನೂ ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನೂ ತಂದಿತು. ಕ್ರಮವು ಅವಶ್ಯವಾದುದೇ. ಆದರೆ ಆ ಮುನ್ನೂರು ಜನರೂ ಒಂದೇ ಮುಂಜಾವಿನಲ್ಲಿ ಹೊರಟು ಗಿರಿಗದ್ದೆಯಲ್ಲಿ ಒಟ್ಟಿಗೆ ದಣಿವಾರಿಸಿಕೊಂಡರೆ ನೂಕುನುಗ್ಗಲು ತಪ್ಪದು. ಎಷ್ಟು ಜನರೆಂಬ ಲೆಕ್ಕದೊಡನೆ, ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಎಂಬ ಲೆಕ್ಕವೂ ಕೂಡಿದಾಗಲೇ ಬೆಟ್ಟವೂ ಉಳಿದೀತು, ಬೆಟ್ಟವನ್ನೇರಿದ ಸಂತೋಷವೂ ಉಳಿದೀತು.