‘ಐದು ವರ್ಷದಿಂದ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋದು ಹೇಗೆ?

ಇಂಟರ್‌ವ್ಯೂನಲ್ಲಿ ಕೇಳ್ತಾರೆ: ಈಗಿನ ಕಂಪನಿಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ನಾವು ಥಟ್ಟನೆ ಹೇಳಿಬಿಡ್ತೀವಿ: “ಐ ಆಮ್ ವರ್ಕಿಂಗ್ ದೇರ್ ಸಿನ್ಸ್ ಫೈವ್ ಇಯರ್ಸ್.”

ಇದರಲ್ಲಿ ತಿದ್ದಬೇಕಾದ್ದು ಎರಡು.

ಮೊದಲನೆಯದು ಕ್ರಿಯಾಪದ. ಕನ್ನಡದಲ್ಲಿ “ಈಗ ಕೆಲಸ ಮಾಡ್ತಿದ್ದೀನಿ”, “ಐದು ವರ್ಷದಿಂದ ಕೆಲಸ ಮಾಡ್ತಿದ್ದೀನಿ”, ಎರಡಕ್ಕೂ ಒಂದೇ ರೂಪ ಸಾಕು. ಇಂಗ್ಲಿಷಿಗೆ ಸಾಲದು. ಬರೀ ಈಗಿನ ಮಾತಾದ್ರೆ “ಐ ಆಮ್ ವರ್ಕಿಂಗ್”. ಹಿಂದೆ ಶುರುವಾಗಿ ಇವತ್ತಿಗೂ ನಡೀತಿದ್ರೆ “ಐ ಹ್ಯಾವ್ ಬೀನ್ ವರ್ಕಿಂಗ್”.

ಎರಡನೆಯದು ನಮ್ಮ “ಇಂದ”. ಈ ಒಂದು ಪ್ರತ್ಯಯದ ಕೆಲಸಕ್ಕೆ ಅಲ್ಲಿ ಎರಡು ಪದ. ಶುರುವಾದ ಹೊತ್ತು ಹೇಳೋಕೆ “ಸಿನ್ಸ್”: ಸಿನ್ಸ್ 2019, ಸಿನ್ಸ್ ಮಂಡೇ. ಒಟ್ಟು ಅವಧಿ ಹೇಳೋಕೆ “ಫಾರ್”: ಫಾರ್ ಫೈವ್ ಇಯರ್ಸ್, ಫಾರ್ ಟೂ ಡೇಸ್.

ಎರಡನ್ನೂ ಸೇರಿಸಿದ್ರೆ: “ಐ ಹ್ಯಾವ್ ಬೀನ್ ವರ್ಕಿಂಗ್ ದೇರ್ ಫಾರ್ ಫೈವ್ ಇಯರ್ಸ್.” ಆ ಕೆಲಸ ಬಿಟ್ಟಾಗಿದೆಯಾ? ಹಾಗಾದ್ರೆ “ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್”.

ನಾವು ಯೋಚಿಸೋದು ಕನ್ನಡದಲ್ಲಿ, ಹಾಗಾಗಿ ಈ ತಪ್ಪು ಸಹಜ. ನಾಚಿಕೊಳ್ಳಬೇಡಿ. ಮಾತಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮುಗಿದುಹೋಗಿದೆಯಾ, ಇನ್ನೂ ನಡೀತಿದೆಯಾ?

ಈಗ ನಿಮ್ಮ ಕೆಲಸ, ನಿಮ್ಮ ವರ್ಷ ಸೇರಿಸಿ, ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ.