ಓಡುವ ಪರದೆ ನಿಲ್ಲಲು ಕಲಿತದ್ದು

ಫೋನಿನಲ್ಲಿ ಒಂದು ಪುಟ ತೆರೆದು ಓದುತ್ತಾ ಕೂತಿದ್ದೀರಿ ಅನ್ನಿ. ಒಂದಕ್ಷರವೂ ಕದಲುತ್ತಿಲ್ಲ. ಆದರೂ ಸಾಧಾರಣ ಫೋನಿನ ಪರದೆ ಅದೇ ಪುಟವನ್ನು ಸೆಕೆಂಡಿಗೆ 60 ಸಲ ಅಳಿಸದೆಯೇ ಮತ್ತೆ ಮತ್ತೆ ಬರೆಯುತ್ತಿರುತ್ತದೆ. ಹೀಗೆ ಬರೆಯುವ ವೇಗಕ್ಕೇ ರಿಫ್ರೆಶ್ ರೇಟ್ ಎನ್ನುವುದು, ಅಳತೆ ಹರ್ಟ್ಜ್‌ನಲ್ಲಿ. ಬದಲಾಗದ ಚಿತ್ರಕ್ಕೆ ಇಷ್ಟು ಚಾಕರಿ ಯಾಕೆ?

ಈ 60ರ ಬೇರು ಗೋಡೆಯ ಪ್ಲಗ್ಗಿನಲ್ಲಿದೆ. ಅಮೆರಿಕದ ಮನೆಗಳಿಗೆ ಬರುವ ಕರೆಂಟಿನದು 60 ಹರ್ಟ್ಜ್. ಅಲ್ಲಿನ ಟಿ.ವಿ. ಅದೇ ತಾಳಕ್ಕೆ ಹೊಂದಿಕೊಂಡಿತು. ಇಲ್ಲದಿದ್ದರೆ ಕರೆಂಟಿನ ಅಡಚಣೆ ಪಟ್ಟೆಪಟ್ಟೆಯಾಗಿ ಚಿತ್ರದ ಮೇಲೆ ತೇಲುತ್ತಿತ್ತು. ಬ್ರಿಟನ್ನಿನಲ್ಲೂ ನಮ್ಮಲ್ಲೂ ಕರೆಂಟು 50 ಹರ್ಟ್ಜ್, ಹಾಗಾಗಿ ನಮ್ಮ ದೂರದರ್ಶನದ ಲೆಕ್ಕವೂ 50. ಆ ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಬಿಡುವಿಲ್ಲದ ಬರವಣಿಗೆ ಅನಿವಾರ್ಯವೂ ಆಗಿತ್ತು. ಎಲೆಕ್ಟ್ರಾನ್ ಕಿರಣ ತಾಗಿದ ಚುಕ್ಕೆ ಕ್ಷಣದಲ್ಲೇ ಮಂಕಾಗುತ್ತಿತ್ತು. ಮತ್ತೆ ಬರೆಯದಿದ್ದರೆ ಚಿತ್ರವೇ ಇಲ್ಲ.

ಎಲ್‌ಸಿಡಿ ಬಂದ ಮೇಲೆ ಆ ಅನಿವಾರ್ಯತೆ ಮುಗಿಯಬೇಕಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಪೀಟರ್ ಬ್ರೋಡಿಯವರ ತಂಡ ಎಲ್‌ಸಿಡಿಯ ಪ್ರತಿ ಚುಕ್ಕೆಗೂ ಒಂದೊಂದು ಟ್ರಾನ್ಸಿಸ್ಟರ್ ಕೂರಿಸಿತು. ಚುಕ್ಕೆಗೆ ಬೇಕಾದ ವಿದ್ಯುತ್ತನ್ನು ಒಳಬಿಟ್ಟು ಬಾಗಿಲು ಮುಚ್ಚುವುದು ಅದರ ಕೆಲಸ. ಮುಚ್ಚಿದ ಬಾಗಿಲು ಮುಚ್ಚಿಯೇ ಇದ್ದಿದ್ದರೆ ಪರದೆ ಸುಮ್ಮನಿರಬಹುದಿತ್ತು. ಆದರೆ ಸಾಮಾನ್ಯವಾಗಿ ಬಳಕೆಗೆ ಬಂದ ಸಿಲಿಕಾನ್ ಟ್ರಾನ್ಸಿಸ್ಟರು ಸೋರುವ ಕೊಡ: ತುಂಬಿದ್ದು ನಿಲ್ಲುವುದಿಲ್ಲ, ತುಂಬುತ್ತಲೇ ಇರಬೇಕು. ನಿಧಾನ ಮಾಡಿದರೆ ಬೆಳಕು ಮಿನುಗುತ್ತದೆ, ಕಣ್ಣಿಗೆ ಹಿಂಸೆ. ಹೀಗಾಗಿ ಟ್ಯೂಬು ಹೋದರೂ 60 ಉಳಿಯಿತು.

ಇದಕ್ಕೆ ಬೆಲೆ ತೆತ್ತದ್ದು ಬ್ಯಾಟರಿ. ಪ್ರತಿ ಸಲವೂ ಪರದೆಯ ಸಾವಿರಾರು ಸಾಲುಗಳ ತಂತಿಗಳಿಗೆ ವಿದ್ಯುತ್ ತುಂಬಬೇಕು, ಮತ್ತೆ ಖಾಲಿ ಮಾಡಬೇಕು. ಸಲ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಎಲ್‌ಸಿಡಿಯಲ್ಲಿ ದೊಡ್ಡ ಪಾಲನ್ನು ನುಂಗುವುದು ಹಿಂಬದಿಯ ದೀಪ, ನಿಜ. ಆದರೆ ದೀಪ ಮಂಕಾದರೆ ಓದಲಾಗದು. ಕದಲದ ಪುಟವನ್ನು ಮತ್ತೆ ಬರೆಯುವುದು ಮಾತ್ರ ಶುದ್ಧ ದಂಡ.

ಸೋರಿಕೆಗೆ ಮದ್ದು ಸಿಕ್ಕಿದ್ದು ಜಪಾನಿನಲ್ಲಿ. ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹಿದೆಯೊ ಹೊಸೊನೊ ಅವರ ತಂಡ 2004ರಲ್ಲಿ ಇಂಡಿಯಂ, ಗ್ಯಾಲಿಯಂ, ಸತು ಮತ್ತು ಆಮ್ಲಜನಕದ ಮಿಶ್ರಣದಿಂದ ಟ್ರಾನ್ಸಿಸ್ಟರ್ ಮಾಡಿ ತೋರಿಸಿತು. ಅವರು ಹೊರಟಿದ್ದು ಪ್ಲಾಸ್ಟಿಕ್ಕಿನ ಮೇಲೆ ಬಾಗುವ, ಪಾರದರ್ಶಕ ಟ್ರಾನ್ಸಿಸ್ಟರ್ ಮಾಡಲು. ಆದರೆ ಈ ಇಗ್ಜೊ ಮಿಶ್ರಣಕ್ಕೆ ಇನ್ನೊಂದು ಗುಣವಿತ್ತು. ಮುಚ್ಚಿದರೆ ಸೋರಿಕೆ ಇಲ್ಲವೆನ್ನುವಷ್ಟು ಕಡಿಮೆ. 2012ರಲ್ಲಿ ಶಾರ್ಪ್ ಕಂಪನಿ ತನ್ನ ಕಾಮೆಯಾಮಾ ಕಾರ್ಖಾನೆಯಲ್ಲಿ ಇಂಥ ಪರದೆಗಳ ತಯಾರಿಕೆಗೆ ಇಳಿಯಿತು. ಚಿತ್ರ ಕದಲದಿದ್ದರೆ ಬರೆಯುವುದನ್ನೂ ಬಹುಮಟ್ಟಿಗೆ ನಿಲ್ಲಿಸಬಲ್ಲ ಪರದೆ ಕೊನೆಗೂ ಮಾರುಕಟ್ಟೆಗೆ ಬಂತು.

ಅತ್ತ ಚಿತ್ರಕ್ಕೆ ತಕ್ಕಂತೆ ಬರೆಯುವ ವೇಗವನ್ನೇ ಬದಲಿಸುವ ಉಪಾಯ ಹೆಸರು ಮಾಡಿದ್ದು ಮಿತವ್ಯಯಕ್ಕಲ್ಲ, ವಿಡಿಯೊ ಗೇಮಿಗೆ. 2013ರಲ್ಲಿ ಎನ್‌ವಿಡಿಯಾ ಕಂಪನಿ, ಗೇಮಿನ ಚಿತ್ರ ಸಿದ್ಧವಾದಾಗಲೇ ಮಾನಿಟರ್ ಬರೆಯುವ ಜಿ-ಸಿಂಕ್ ತಂದಿತು. ತಮಾಷೆಯೆಂದರೆ, ಲ್ಯಾಪ್‌ಟಾಪ್ ಪರದೆಗಳ ಮಾನದಂಡದಲ್ಲಿ ಇಂಥ ಸೌಲಭ್ಯಕ್ಕೆ 2009ರಿಂದಲೇ ಜಾಗವಿತ್ತು. ಮಿತವ್ಯಯದ ಸಾಧನವನ್ನು ಲೋಕ ಗಮನಿಸಿದ್ದು ಮೋಜಿಗೆ ಬಳಸಿದಾಗ!

ಇಗ್ಜೊಗೂ ಒಂದು ಕೊರತೆ ಇತ್ತು. ಅದು ಸೋರದು, ಆದರೆ ಉತ್ತಮ ದರ್ಜೆಯ ಸಿಲಿಕಾನಿನಷ್ಟು ಚುರುಕಲ್ಲ. ಚಿತ್ರವನ್ನು ಹಿಡಿದಿಡುವಲ್ಲಿ ಇಗ್ಜೊ, ಓಡಬೇಕಾದಲ್ಲಿ ಸಿಲಿಕಾನ್ ಎಂದು ಎರಡನ್ನೂ ಒಂದೇ ಪರದೆಯಲ್ಲಿ ಬೆರೆಸಿದ್ದೇ ಎಲ್‌ಟಿಪಿಒ. ಆಪಲ್ ಅದನ್ನು 2018ರ ವಾಚಿನಲ್ಲಿ ತಂದಿತು. ಮರುವರ್ಷದ ವಾಚಿನಲ್ಲಿ ಪರದೆ ಆರುವುದೇ ಇಲ್ಲ. ಕೈ ಇಳಿಸಿದರೆ ವೇಗ 60ರಿಂದ ಸೆಕೆಂಡಿಗೆ ಒಂದಕ್ಕೆ ಇಳಿಯುತ್ತದೆ. ಆದರೂ ಕಂಪನಿ ಹೇಳಿದ ಬ್ಯಾಟರಿ ಬಾಳಿಕೆ ಹಿಂದಿನ ವರ್ಷದಷ್ಟೇ, 18 ಗಂಟೆ. ನನ್ನ ಮಟ್ಟಿಗೆ ಈ ಇಡೀ ಕತೆಯ ಗೆಲುವು ಅದೇ. ಆಮೇಲೆ ಎಲ್‌ಟಿಪಿಒ ಫೋನಿಗೂ ಬಂತು. 2022ರ ಐಫೋನ್ 14 ಪ್ರೊ 1ರಿಂದ 120 ಹರ್ಟ್ಜ್‌ವರೆಗೆ ಏರಿಳಿಯುತ್ತದೆ. 24 ಚೌಕಟ್ಟಿನ ಸಿನಿಮಾಕ್ಕೆ 24, ಬೆರಳು ಸರಿದಾಗ 120, ಕದಲದಿದ್ದಾಗ ನಿದ್ದೆ.

ಜಾಹೀರಾತಿನವರು ಈಗಲೂ ಕೂಗುವುದು 120 ಅನ್ನೇ. ಆದರೆ ಇಳಿಯಲಾರದ 120 ಬ್ಯಾಟರಿಗೆ ಹೊರೆ. ಹೊಸ ಫೋನು ಕೊಳ್ಳುವಾಗ ಅಂಗಡಿಯವನನ್ನು ಗರಿಷ್ಠ ಎಷ್ಟೆಂದಲ್ಲ, ಕನಿಷ್ಠ ಎಷ್ಟೆಂದು ಕೇಳಿ. ನಿಮ್ಮ ಹಳೆಯ ಫೋನಿನಲ್ಲಿ 60 ಮತ್ತು 120 ಎಂಬ ಎರಡೇ ಆಯ್ಕೆ ಇದ್ದರೆ, ದೂರದ ಪ್ರಯಾಣದ ದಿನ ಸೆಟ್ಟಿಂಗ್ಸ್‌ಗೆ ಹೋಗಿ 60 ಆರಿಸಿ, ಪರದೆಯ ಬೆಳಕನ್ನೂ ತುಸು ತಗ್ಗಿಸಿ.