ಚಹಾ ಬಣ್ಣದ ನೀರಿನ ಮೀನುಗಳು

“ಇಷ್ಟು ಕೊಳಕು ನೀರಲ್ಲಿ ಮೀನು ಸಾಯುವುದಿಲ್ಲವೇ?” ಸಂತೆಕಟ್ಟೆಯ ನಮ್ಮ ಮನೆಗೆ ಬಂದವರಲ್ಲಿ ಹೆಚ್ಚಿನವರು ಚಾವಡಿಯ ಗಾಜಿನ ತೊಟ್ಟಿ ನೋಡಿ ಕೇಳುವ ಪ್ರಶ್ನೆ ಇದು. ನೀರು ಹಾಲು ಹಾಕದ ಚಹಾದಂತೆ ಕಂದು. ತಳದಲ್ಲಿ ಒಣಗಿದ ಬಾದಾಮಿ ಎಲೆಗಳು. ಉತ್ತರ ಹೇಳುವ ಹಕ್ಕು ಆರನೇ ತರಗತಿಯ ಮೊಮ್ಮಗಳದ್ದು. “ಅದು ಕೊಳಕಲ್ಲ ಮಾಮ, ಅವುಗಳ ಊರಿನ ನೀರೇ ಹಾಗೆ.”

ಆ ಊರು ಬಲು ದೂರ. ದಕ್ಷಿಣ ಅಮೆರಿಕದ ರಿಯೋ ನೀಗ್ರೋ, ಅಂದರೆ ‘ಕಪ್ಪು ನದಿ’. ಬ್ರೆಜಿಲಿನ ಮನೌಸ್ ನಗರದ ಬಳಿ ಅದು ಕೆಸರು ಬಣ್ಣದ ಇನ್ನೊಂದು ನದಿಯನ್ನು ಸೇರುತ್ತದೆ. ಸೇರಿದ ಮೇಲೂ ಸುಮಾರು 6 ಕಿಲೋಮೀಟರ್ ದೂರ ಎರಡೂ ಬೆರೆಯದೆ ಅಕ್ಕಪಕ್ಕ ಹರಿಯುತ್ತವೆ. ಕಾಡಿನೊಳಗೆ ನೆರೆ ನುಗ್ಗಿದಾಗ ಉದುರಿದ ಎಲೆ, ಕಡ್ಡಿಗಳೆಲ್ಲ ನೀರಿನಲ್ಲಿ ನೆನೆದು ಬಣ್ಣ ಬಿಡುತ್ತವೆ. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ಇಲ್ಲಿಯೂ ಇದೆ. ನೆಲ ಬರಿಯ ಮರಳಾದ್ದರಿಂದ ನೀರಿಗೆ ಖನಿಜ ಸೇರುವುದು ಕಡಿಮೆ. ಹಾಗಾಗಿ ಆ ನೀರು ಮೆದು, ತುಸು ಹುಳಿ.

ನಮ್ಮ ತೊಟ್ಟಿಯಲ್ಲಿರುವ ಕಾರ್ಡಿನಲ್ ಟೆಟ್ರಾ ಅಲ್ಲಿಯದು. ಒಂದೂವರೆ ಅಂಗುಲದ ಮೀನು. ಮೇಲೆ ನೀಲಿ ಗೆರೆ, ಕೆಳಗೆ ಕೆಂಪು. ಕೆಂಪು ತಲೆಯಿಂದ ಬಾಲದವರೆಗೂ ಇದ್ದರೆ ಕಾರ್ಡಿನಲ್, ಹಿಂದಿನ ಅರ್ಧದಲ್ಲಿ ಮಾತ್ರ ಇದ್ದರೆ ಅದರ ಸೋದರ ನಿಯಾನ್ ಟೆಟ್ರಾ. ಮಕ್ಕಳೇ, ಅಂಗಡಿಗೆ ಹೋದಾಗ ಪರೀಕ್ಷಿಸಿ ನೋಡಿ. ಆ ನೀಲಿ ಬಣ್ಣದ್ದಲ್ಲ, ಬೆಳಕಿನದ್ದು. ಚರ್ಮದೊಳಗಿನ ಸೂಕ್ಷ್ಮ ಹರಳುಗಳು ಬೆಳಕನ್ನು ಹಿಂದಕ್ಕೆ ಹೊಳೆಯಿಸುತ್ತವೆ. ರಾತ್ರಿ ಮೀನು ವಿಶ್ರಮಿಸುವಾಗ ಹೊಳಪು ಮಂಕಾಗುತ್ತದೆ. ಬೆಳಿಗ್ಗೆ ದೀಪ ಹಾಕಿದೊಡನೆ ಮೀನು ಬಿಳಿಚಿಕೊಂಡಂತೆ ಕಂಡರೆ ಗಾಬರಿ ಬೇಡ, ಸ್ವಲ್ಪ ಹೊತ್ತು ಕಾಯಿರಿ.

ಇಂಥ ನಾಜೂಕಿನ ಮೀನಿಗೆ ಏನೇನೋ ಔಷಧಿ ಬಾಟಲಿಗಳು ಬೇಕೆಂದು ಹೇಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ತಾನಾಗಿಯೇ ಮೆದು, ತುಸು ಹುಳಿ. ಬಾದಾಮಿ ಮರವಂತೂ ಕರಾವಳಿಯಲ್ಲಿ ಎಲ್ಲೆಲ್ಲೂ ಇದೆ. ಕೆಂಪಾಗಿ ತಾನೇ ಉದುರಿ ಒಣಗಿದ ಎಲೆ ಹೆಕ್ಕಿ, ತೊಳೆದು, ಎರಡನ್ನು ತೊಟ್ಟಿಗೆ ಹಾಕಿದರಾಯಿತು. ಹೆದ್ದಾರಿ ಬದಿಯ ಎಲೆ, ಔಷಧಿ ಸಿಂಪಡಿಸಿದ ತೋಟದ ಎಲೆ ಮಾತ್ರ ಬೇಡ. ಹಣ ಕೊಟ್ಟು ಈ ಎಲೆ ತರಿಸಿಕೊಳ್ಳುವ ದೇಶಗಳಿವೆ ಎಂದರೆ, ದಿನಾ ಅದನ್ನೇ ಗುಡಿಸುವ ನನ್ನ ಹೆಂಡತಿ ಇನ್ನೂ ನಂಬಿಲ್ಲ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ 12 ಮೀನು ಸಾಕು. ಆದರೆ ನೀರು ತುಂಬಿಸಿದ ದಿನವೇ ಮೀನು ಬಿಡುವಂತಿಲ್ಲ. ಮೀನಿನ ಮಲದಿಂದ, ಉಳಿದ ಆಹಾರದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹುಳಿ ನೀರಿನಲ್ಲಿ ಇನ್ನೂ ನಿಧಾನ. ಅಷ್ಟು ದಿನ ಖಾಲಿ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತಾ ಕಾದೆವು. “ಅಜ್ಜ, ಇಲ್ಲದ ಮೀನಿಗೆ ಊಟ ಹಾಕುವುದು ನಾವು ಮಾತ್ರ” ಎಂದಳು ಮೊಮ್ಮಗಳು. ಮೀನು ತಂದ ದಿನ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕುವಂಥ ಸಪೂರ ನಳಿಕೆಯಿಂದ ತೊಟ್ಟಿಯ ನೀರನ್ನು ಅವುಗಳ ಬಕೆಟಿಗೆ ಒಂದೂವರೆ ಗಂಟೆ ಹನಿಹನಿಯಾಗಿ ಬಿಟ್ಟೆವು. ಇವುಗಳನ್ನು ಕೊಲ್ಲುವುದು ಹೆಚ್ಚಾಗಿ ದಿಢೀರ್ ಬದಲಾವಣೆಯೇ.

ನಿಜವಾದ ಪರೀಕ್ಷೆ ಬಂದದ್ದು ಕಳೆದ ಮೇ ತಿಂಗಳಲ್ಲಿ. ಸುವರ್ಣಾ ನದಿಯ ಅಳಿವೆ ನಮಗೆ ದೂರವಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ಜೊತೆ ಸಮುದ್ರದ ನೀರು ಮೇಲೇರುತ್ತದೆ. ಹೊಳೆ ಹತ್ತಿರದ ಬಾವಿಗಳು ಉಪ್ಪಾಗುತ್ತವೆ. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಬದಲಿಸುವ ದಿನ ಮೊಮ್ಮಗಳು ನೀರನ್ನು ನಾಲಗೆಗೆ ತಾಗಿಸಿ ಮುಖ ಸಿಂಡರಿಸಿದಳು. ನಳ್ಳಿ ನೀರಿನಲ್ಲಿ ಕ್ಲೋರಿನ್. ಅದನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ನಿಜ. ಆದರೆ ಆ ವಾರ ನಳ್ಳಿಯೂ ಸರಿಯಾಗಿ ಬರಲಿಲ್ಲ.

ಮಣಿಪಾಲದ ಗುಡ್ಡದ ಮೇಲೆ ನನ್ನ ತಂಗಿಯ ಮನೆಯಿದೆ, ಅಲ್ಲಿಯ ಬಾವಿ ಉಪ್ಪಾಗುವುದಿಲ್ಲ. ರಜೆಯ ಪ್ರತಿ ಭಾನುವಾರ ನಾವಿಬ್ಬರು 10 ಲೀಟರಿನ ಕ್ಯಾನ್ ಹಿಡಿದು ಬಸ್ಸು ಹತ್ತಿದೆವು. “ತೀರ್ಥವಾ ಅಜ್ಜಾ?” ಎಂದ ಕಂಡಕ್ಟರ್. ಹೊರೆ ತಗ್ಗಿಸಲು ಮೀನಿಗೆ ಎರಡು ದಿನಕ್ಕೊಮ್ಮೆ ಮಾತ್ರ ಆಹಾರ. ಆ ತಿಂಗಳು ಒಂದು ಮೀನು ಸತ್ತಿತು. ಅವಳು ಅದನ್ನು ದಾಸವಾಳದ ಬುಡದಲ್ಲಿ ಹೂತು, ಸಂಜೆಯವರೆಗೆ ಯಾರ ಜೊತೆಯೂ ಮಾತನಾಡಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು. ಮೊದಲ ಎರಡು ದಿನ ಮಾಡಿನ ಧೂಳೆಲ್ಲ ತೊಳೆದುಹೋಗಲಿ ಎಂದು ಬಿಟ್ಟು, ಮೂರನೇ ದಿನ ಹಂಡೆ ಇಟ್ಟೆವು. 11 ಮೀನು ಉಳಿದವು.

ಸಾಕಲಾಗದೆ ಮೀನನ್ನು ಹೊಳೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎನ್ನುವವರಿದ್ದಾರೆ. ಹಾಗೆ ಮಾಡಬೇಡಿ. ಹೊರಗಿನ ಮೀನು ಹೊಳೆಯಲ್ಲಿ ಸಾಯಬಹುದು, ಇಲ್ಲವೇ ಬದುಕಿ ಇಲ್ಲಿಯ ಮೀನಿನ ಅನ್ನ ಕಸಿಯಬಹುದು. ಸಾಕುವ ಇನ್ನೊಬ್ಬರಿಗೆ ಕೊಡಿ.

ತೊಟ್ಟಿ ಇಲ್ಲದವರು ಮಳೆಗಾಲದಲ್ಲಿ ಗದ್ದೆಯ ಬದಿಯ ತೋಡಿನ ಬಳಿ ಅಲುಗಾಡದೆ ಕೂತು ನೋಡಿ. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ನಿಂತು ಸೊಳ್ಳೆಮರಿ ತಿನ್ನುವ ಸಪೂರ ಮೀನೊಂದಿದೆ. ಅದರ ತಲೆಯ ಮೇಲೆ ಬೆಳ್ಳಿ ಚುಕ್ಕೆ. ನೆರಳು ಬಿದ್ದರೆ ಮಾಯ.